ಡಿಸ್ಕ್ ಕೆಟ್ಟಿಲ್ಲ, ಸಿಡಿಯಲ್ಲಿ ಡ್ರೈವರ್ ಇಲ್ಲ

ಪ್ರಶ್ನೆ: ನಮ್ಮ ಅಡಿಕೆ ಮಂಡಿಯ ಲೆಕ್ಕದ ಸಾಫ್ಟ್‌ವೇರ್ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ಓಡುತ್ತದೆ. ಹಳೆ ಕಂಪ್ಯೂಟರ್ ಕೆಟ್ಟು, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದೆವು. ಅದರಲ್ಲಿ ವಿಂಡೋಸ್ 7 ಚೆನ್ನಾಗಿದೆ. ಎಕ್ಸ್‌ಪಿ ಸಿಡಿ ಹಾಕಿದರೆ ಹಾರ್ಡ್ ಡಿಸ್ಕೇ ಇಲ್ಲ ಎನ್ನುತ್ತದೆ. ಹೊಸ ಡಿಸ್ಕ್ ಬೇಕೆ?
- ಓದುಗರು, ಶಿರಸಿ

ಉತ್ತರ: ಬೇಡ, ಸುಮ್ನೆ ದುಡ್ಡು ಹಾಕಬೇಡಿ. ವಿಂಡೋಸ್ 7 ಅದೇ ಡಿಸ್ಕ್‌ನಿಂದ ಓಡುತ್ತಿದೆ ಅಲ್ವಾ? ಎಕ್ಸ್‌ಪಿ ಬಂದದ್ದು 2001ರಲ್ಲಿ. ನಿಮ್ಮ ಲ್ಯಾಪ್‌ಟಾಪ್ ಡಿಸ್ಕ್ ಜೊತೆ ಮಾತಾಡಲು ಬಳಸುವ ಎಎಚ್‌ಸಿಐ ಎಂಬ ವಿಧಾನ ಆಮೇಲೆ ಬಂತು. ಅದರ ಡ್ರೈವರ್, ಅಂದರೆ ವಿಂಡೋಸ್‌ಗೆ ಅದನ್ನು ಬಳಸಲು ಬೇಕಾದ ಚಿಕ್ಕ ಸಾಫ್ಟ್‌ವೇರ್, ಆ ಸಿಡಿಯಲ್ಲಿ ಇಲ್ಲ.

ಮೊದಲು ಬಯಾಸ್ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ತೆರೆದು ನೋಡಿ. ಸಾಟಾ ಮೋಡ್ (ಡಿಸ್ಕ್ ಜೋಡಣೆಯ ವಿಧಾನ) ಅನ್ನು ಎಕ್ಸ್‌ಪಿಗೆ ಗೊತ್ತಿರುವ ಹಳೆಯ ಐಡಿಇ ಅಥವಾ ಕಂಪ್ಯಾಟಿಬಲ್‌ಗೆ ಬದಲಿಸಲು ಬಂದರೆ ಕೆಲಸ ಅಲ್ಲಿಗೇ ಮುಗಿಯಿತು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಆಯ್ಕೆ ಇರುವುದಿಲ್ಲ. ಸೆಟಪ್ ಶುರುವಾಗುವಾಗ ಎಫ್6 ಒತ್ತಿ ಡ್ರೈವರ್ ಕೊಡೋಣವೆಂದರೆ ಎಕ್ಸ್‌ಪಿ ಫ್ಲಾಪಿ ಕೇಳುತ್ತದೆ. ಹಾಗಾಗಿ ಡ್ರೈವರನ್ನು ಸಿಡಿಯೊಳಗೇ ಸೇರಿಸಬೇಕು.

ವಿಂಡೋಸ್ 7ರ ಡಿವೈಸ್ ಮ್ಯಾನೇಜರ್‌ನಲ್ಲಿ ಸಾಟಾ ಕಂಟ್ರೋಲರ್‌ನ (ಡಿಸ್ಕ್ ನಡೆಸುವ ಚಿಪ್‌ನ) ಹಾರ್ಡ್‌ವೇರ್ ಐಡಿ ಬರೆದುಕೊಳ್ಳಿ. 8086 ಎಂದಿದ್ದರೆ ಅದು ಇಂಟೆಲ್. ಡಿವೈಸ್ ಸಂಖ್ಯೆ 2829 ಆದರೆ ಐಸಿಎಚ್8ಎಂ ಎಂಬ ಚಿಪ್, 2929 ಆದರೆ ಐಸಿಎಚ್9ಎಂ. ಆ ಸಂಖ್ಯೆಗೆ ಹೊಂದುವ, ಎಕ್ಸ್‌ಪಿಗೆ ಫ್ಲಾಪಿಯಿಂದ ಕೊಡಲೆಂದು ಮಾಡಿದ ಡ್ರೈವರನ್ನೇ ಹುಡುಕಿ. ಡಬಲ್ ಕ್ಲಿಕ್ ಮಾಡಿ ಹಾಕುವ ಸೆಟಪ್ ಫೈಲ್ ಇಲ್ಲಿ ಉಪಯೋಗಕ್ಕೆ ಬಾರದು, ಅದನ್ನು ಓಡಿಸಲು ಎಕ್ಸ್‌ಪಿ ಆಗಲೇ ಇರಬೇಕು.

ಎಕ್ಸ್‌ಪಿ ಸಿಡಿಯನ್ನು ಒಂದು ಫೋಲ್ಡರ್‌ಗೆ ನಕಲು ಮಾಡಿ, ಎನ್‌ಲೈಟ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. 'ಡ್ರೈವರ್ಸ್' ಮತ್ತು 'ಬೂಟಬಲ್ ಐಎಸ್‌ಒ' ಎರಡನ್ನೂ ಆರಿಸಿ, ಡ್ರೈವರ್‌ನ ಐಎನ್‌ಎಫ್ ಫೈಲ್ ತೋರಿಸಿ. ಈಗ 'ಟೆಕ್ಸ್ಟ್‌ಮೋಡ್' ಬೇಕೋ 'ಪಿಎನ್‌ಪಿ' ಬೇಕೋ ಎಂದು ಕೇಳುತ್ತದೆ. ಟೆಕ್ಸ್ಟ್‌ಮೋಡ್ ಅನ್ನೇ ಒತ್ತಿ. ನಾನು ಮೊದಲ ಸಲ ಪಿಎನ್‌ಪಿ ಆರಿಸಿ ಮೂರು ಸಿಡಿ ಕಳೆದುಕೊಂಡೆ, ರಾತ್ರಿ ಎರಡು ಗಂಟೆಯವರೆಗೂ ತಪ್ಪು ಎಲ್ಲಿದೆ ಅಂತ ತಿಳಿಯಲಿಲ್ಲ. ಎಕ್ಸ್‌ಪಿ ಸೆಟಪ್ ಡಿಸ್ಕ್ ಹುಡುಕುವುದು ಮೊದಲಿಗೆ ಬರುವ, ಬರೀ ಅಕ್ಷರಗಳ ನೀಲಿ ಪರದೆಯ ಹಂತದಲ್ಲಿ; ಟೆಕ್ಸ್ಟ್‌ಮೋಡ್ ಅಂದರೆ ಅದೇ. ಪಿಎನ್‌ಪಿ ಡ್ರೈವರ್ ಕೆಲಸಕ್ಕೆ ಬರುವುದು ಅದು ದಾಟಿದ ಮೇಲೆ. ಮುಂದಿನ ಪಟ್ಟಿಯಲ್ಲಿ ನಿಮ್ಮ ಕಂಟ್ರೋಲರ್ ಆರಿಸಿ, ಕಡಿಮೆ ವೇಗದಲ್ಲಿ ಸಿಡಿ ಬರೆಯಿರಿ. ಇಷ್ಟಾದರೂ ಕೊನೆಗೆ 7ಬಿ ಎಂಬ ದೋಷ ಸಂಖ್ಯೆ ಇರುವ ನೀಲಿ ಪರದೆ ಬಂದು ನಿಂತರೆ, ಬಹುತೇಕ ತಪ್ಪು ಕಂಟ್ರೋಲರ್ ಆರಿಸಿದ್ದೀರಿ ಎಂದರ್ಥ.

2014ರ ಏಪ್ರಿಲ್‌ಗೆ ಎಕ್ಸ್‌ಪಿಗೆ ಭದ್ರತಾ ಬೆಂಬಲ ನಿಂತಿದೆ. ಈ ಯಂತ್ರಕ್ಕೆ ಇಂಟರ್ನೆಟ್ ಕೊಡಬೇಡಿ. ಕೆಟ್ಟ ಕಂಪ್ಯೂಟರ್‌ನ ಡಿಸ್ಕ್ ಇನ್ನೂ ಇದ್ದರೆ, ಸಿಡಿ ಹಾಕುವ ಮೊದಲೇ ಅದರಲ್ಲಿರುವ ಮಂಡಿಯ ಲೆಕ್ಕವನ್ನು ಎರಡು ಪೆನ್‌ಡ್ರೈವ್‌ಗೆ ನಕಲು ಮಾಡಿಸಿಕೊಳ್ಳಿ. ರೈತರ ಬಾಕಿ ಅದರಲ್ಲೇ ಇದೆ.