ಡಿಸೈನ್ ಪ್ರಶ್ನೋತ್ತರ: ನವಿಲು ಯಾವ ಕಡೆ ನೋಡಬೇಕು?

ದಾವಣಗೆರೆಯಲ್ಲಿ ಮನೆಯಿಂದಲೇ ಲೋಗೊ, ಪೋಸ್ಟರ್ ಮಾಡುತ್ತೇನೆ. ಒಂದು ಬೇಕರಿಯವರು ಲೋಗೊವನ್ನು ಹನ್ನೊಂದು ಸಲ ತಿದ್ದಿಸಿ, ಕೊನೆಗೆ "ಮೊದಲನೆಯದೇ ಚೆನ್ನಾಗಿತ್ತು" ಎಂದರು. ದುಡ್ಡು ಇನ್ನೂ ಬಂದಿಲ್ಲ. ನನ್ನ ತಪ್ಪೇನು?

ತಂಗಿ, ಒರಿಜಿನಲ್ ಫೈಲ್ ಕೊಟ್ಟಿಲ್ಲ ತಾನೇ? ಕೊಟ್ಟಿಲ್ಲವಾದರೆ ಅರ್ಧ ಗೆದ್ದ ಹಾಗೆ. ವಾಟ್ಸಾಪ್‌ನಲ್ಲಿ ಕಳಿಸಿದ ಸಣ್ಣ ಚಿತ್ರದಿಂದ ಬೋರ್ಡ್ ಹೊಡೆಸಲು ಹೋದರೆ ಅಂಚೆಲ್ಲ ಹಲ್ಲು ಹಲ್ಲಾಗಿ ಬರುತ್ತದೆ. ಅವರೇ ಫೋನ್ ಮಾಡುತ್ತಾರೆ. ಆಗ ಬಾಕಿಯ ಮಾತು ಎತ್ತಿ.

ನನಗೂ ಇಂಥದ್ದೇ ಒಂದು ಪಾಠ ಆಗಿದೆ. ಒಂದು ಒಡವೆ ಅಂಗಡಿಗೆ ನವಿಲಿನ ಲೋಗೊ ಮಾಡುತ್ತಿದ್ದೆ. ಮಾಲೀಕರ ಮಗನ ಜೊತೆ ಎರಡು ತಿಂಗಳು ಕೂತು ಗರಿ ಗರಿಯನ್ನೂ ತಿದ್ದಿದೆ. ಹುಡುಗನಿಗೆ ತುಂಬಾ ಇಷ್ಟವಾಯಿತು. ಬೋರ್ಡ್ ಹೊಡೆಸುವ ಹಿಂದಿನ ದಿನ ಅವನ ಅಜ್ಜಿ ನೋಡಿದರು. "ಇದೇನಪ್ಪಾ, ನವಿಲು ಬಾಗಿಲ ಕಡೆ ಮುಖ ಮಾಡಿದೆ? ಲಕ್ಷ್ಮಿ ಎದ್ದು ಹೊರಟ ಹಾಗಿದೆ!" ಎಂದರು. ಮುಗಿಯಿತು. ನವಿಲನ್ನು ತಿರುಗಿಸಲು ಒಂದು ಕ್ಲಿಕ್ ಸಾಕು, ನಿಜ. ಆದರೆ ಹೆಸರಿನ ಮೊದಲಕ್ಷರವನ್ನು ಆ ಕೊಕ್ಕಿಗೆ ಹೆಣೆದಿದ್ದೆ. ಎಲ್ಲವನ್ನೂ ಬಿಚ್ಚಿ ಕಟ್ಟಬೇಕಾಯಿತು. ಅವತ್ತಿನಿಂದ ನಾನು ಕೇಳುವ ಮೊದಲ ಪ್ರಶ್ನೆ ಬಣ್ಣದ್ದಲ್ಲ. "ಕೊನೆಗೆ ಹೂಂ ಅನ್ನೋರು ಯಾರು?" ಅಂತ ಕೇಳುತ್ತೇನೆ. ಆ ಅಜ್ಜಿ ಮೊದಲ ದಿನವೇ ಎದುರಿಗೆ ಕೂತಿರಬೇಕು. ನಿಮ್ಮ ಬೇಕರಿಯಲ್ಲೂ ಗಲ್ಲಾದ ಹಿಂದೆ ಯಾರೋ ಒಬ್ಬರು ಇದ್ದಿರಬೇಕು, ಅಲ್ವಾ?

ಇನ್ನು ಲೆಕ್ಕ. ಅರ್ಧ ದುಡ್ಡು ಅಡ್ವಾನ್ಸ್. ಎರಡು ಸಲದ ತಿದ್ದುಪಡಿ ಒಪ್ಪಿದ ದರದಲ್ಲೇ ಸೇರಿರುತ್ತದೆ. ಮೂರನೆಯದಕ್ಕೆ ಬೇರೆ ದರ. ಇದನ್ನು ಬಾಯಲ್ಲಿ ಹೇಳಬೇಡಿ, ನಾಲ್ಕು ಸಾಲು ಬರೆದು ಕಳಿಸಿ, "ಓಕೆ" ಅಂತ ಬಂದ ಮೇಲೆ ಕೆಲಸ ಶುರು ಮಾಡಿ.

ಪಾಲ್ ರ‍್ಯಾಂಡ್ ಎಂಬ ಅಮೆರಿಕದ ಡಿಸೈನರ್ 1986ರಲ್ಲಿ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಎಂಬ ಕಂಪ್ಯೂಟರ್ ಕಂಪನಿಗೆ ಲೋಗೊ ಮಾಡಿದರು. ಒಂದು ಲಕ್ಷ ಡಾಲರ್ ತೆಗೆದುಕೊಂಡರು. ನಾಲ್ಕಾರು ಮಾದರಿ ತೋರಿಸುತ್ತೀರಾ ಎಂದು ಜಾಬ್ಸ್ ಕೇಳಿದ್ದಕ್ಕೆ, ಇಲ್ಲ, ಒಂದೇ ಕೊಡುತ್ತೇನೆ, ಬಳಸುವುದು ಬಿಡುವುದು ನಿಮಗೆ ಸೇರಿದ್ದು, ದುಡ್ಡು ಮಾತ್ರ ಕೊಡಬೇಕು ಎಂದರಂತೆ. ದಾವಣಗೆರೆಯಲ್ಲಿ ಹೀಗೆ ಹೇಳಿದರೆ ಟೀ ಕುಡಿಸಿ ಕಳಿಸಿಬಿಡುತ್ತಾರೆ, ಗೊತ್ತು. ಆದರೆ ರ‍್ಯಾಂಡ್ ಆ ಒಂದು ಲೋಗೊ ಜೊತೆಗೆ ಒಂದು ಪುಸ್ತಿಕೆಯನ್ನೂ ಕೊಟ್ಟಿದ್ದರು. ಈ ಅಕ್ಷರ ಯಾಕೆ, ಈ ಓರೆ ಯಾಕೆ ಎಂದು ಹಂತ ಹಂತವಾಗಿ ವಿವರಿಸಿದ್ದರು. ಅದನ್ನು ನೀವೂ ಮಾಡಬಹುದು. ಬರೀ ಚಿತ್ರ ಕಳಿಸಿದರೆ "ಇಷ್ಟ ಆಯ್ತು, ಇಷ್ಟ ಆಗಲಿಲ್ಲ" ಎಂಬ ಮಾತು ಬರುತ್ತದೆ. ಕಾರಣವನ್ನೂ ಕಳಿಸಿದರೆ ಕಾರಣದ ಮೇಲೆ ಮಾತು ನಡೆಯುತ್ತದೆ. ಹನ್ನೊಂದು ಸಲ ನಾಲ್ಕಕ್ಕೆ ಇಳಿದರೂ ಲಾಭವೇ.

ಪುಸ್ತಕದ ಮುಖಪುಟ ಮಾಡಲು ಕಲಿಯುತ್ತಿದ್ದೇನೆ. ಇಂಗ್ಲಿಷ್ ಹೆಸರು ಚೆನ್ನಾಗಿ ಕೂರುತ್ತದೆ. ಕನ್ನಡ ಹಾಕಿದರೆ ಒತ್ತಕ್ಷರ ಒಡೆಯುತ್ತದೆ, ಸಾಲುಗಳು ಒಂದರ ಮೇಲೊಂದು ಹತ್ತುತ್ತವೆ. (ಶಿವಮೊಗ್ಗ)

ಒಡೆಯುವುದು ಸಾಫ್ಟ್‌ವೇರಿನ ಸೆಟ್ಟಿಂಗ್. ಯೂನಿಕೋಡ್ ಫಾಂಟ್ (ಎಲ್ಲ ಕಂಪ್ಯೂಟರಿಗೂ ಒಂದೇ ಸಂಕೇತದ ಅಕ್ಷರ) ಬಳಸುತ್ತಿದ್ದರೆ, ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಮೆನುಗೆ ಹೋಗಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಫೋಟೊಶಾಪ್‌ನಲ್ಲಾದರೆ ಇಂಥದ್ದೇ ಆಯ್ಕೆ ಇದೆಯೇ ಹುಡುಕಿ. ಒತ್ತು ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಹತ್ತಿಕೊಳ್ಳುವುದು ಬೇರೆ ವಿಷಯ. ಈ ಸಾಫ್ಟ್‌ವೇರ್‌ಗಳು ತಾವಾಗಿಯೇ ಬಿಡುವ ಸಾಲಿನ ಅಂತರ ಅಕ್ಷರದ ಅಳತೆಯ 120 ಪರ್ಸೆಂಟ್. ಇಂಗ್ಲಿಷಿಗೆ ಅದು ಸಾಕು. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. "ರಾಷ್ಟ್ರ" ಎಂದು ಬರೆದು ನೋಡಿ, ಷಕಾರದ ಕೆಳಗೆ ಎರಡು ಒತ್ತು ನೇತಾಡುತ್ತವೆ. ನಾನು 150ರಿಂದ ಶುರು ಮಾಡುತ್ತೇನೆ. ಆಮೇಲೆ ಕಣ್ಣಳತೆ.

ಹೆಸರನ್ನು ಪುಟದ ತಳಕ್ಕೆ ತೀರಾ ಹತ್ತಿರ ಇಡಬೇಡಿ. ನಾನೊಮ್ಮೆ ಇಟ್ಟಿದ್ದೆ. ಶೀರ್ಷಿಕೆಯಲ್ಲಿ "ಸ್ವಾತಂತ್ರ್ಯ" ಎಂಬ ಪದ. ಅಂಚಿನಿಂದ ದೂರವನ್ನು ಅಕ್ಷರದ ಬುಡದಿಂದ ಅಳೆದಿದ್ದೆ, ಒತ್ತಿನಿಂದ ಅಳೆದಿರಲಿಲ್ಲ. ಬೈಂಡಿಂಗ್ ಆದ ಮೇಲೆ ಕಟಿಂಗ್ ಮಷೀನು ಅಂಚು ಕತ್ತರಿಸಿತು, ಜೊತೆಗೆ ಅರ್ಧ ಒತ್ತನ್ನೂ ಕೊಂಡೊಯ್ದಿತು. ಸಾವಿರ ಪ್ರತಿ! ಪ್ರಕಾಶಕರು ಸಜ್ಜನರು, ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಈಗ ಕತ್ತರಿಸುವ ಗೆರೆಯ ಹೊರಗೂ 3 ಮಿಲಿಮೀಟರ್ ಬಣ್ಣ ಹರಡುತ್ತೇನೆ, ಒಳಗೆ ಒತ್ತಿನ ತುದಿಯಿಂದ ಕನಿಷ್ಠ 8 ಮಿಲಿಮೀಟರ್ ಖಾಲಿ ಬಿಡುತ್ತೇನೆ.

ಮಗ ಪಿಯುಸಿ. ಮುಖದ ಚಿತ್ರ ಬರೆದರೆ ಫೋಟೊ ತೆಗೆದ ಹಾಗಿರುತ್ತದೆ. ಡಿಸೈನ್ ಓದಿಸಬಹುದೇ? ಎಲ್ಲಿ? (ಗದಗ)

ಎಲ್ಲಿ ಎನ್ನುವುದು ಸುಲಭ. ಅಹಮದಾಬಾದಿನ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಇದೆ. ಐಐಟಿ ಬಾಂಬೆಯ ಡಿಸೈನ್ ಶಾಲೆ ಐಡಿಸಿ ಇದೆ. ಎನ್‌ಐಡಿಯ ಬೆಂಗಳೂರು ಕ್ಯಾಂಪಸ್‌ನಲ್ಲಿ ಇರುವುದು ಸ್ನಾತಕೋತ್ತರ ಓದು, ಪಿಯುಸಿ ಮುಗಿಸಿದವರಿಗೆ ಅಲ್ಲ. ಇದು ತಿಳಿಯದೆ ಮೋಸ ಹೋಗುವವರು ಜಾಸ್ತಿ. ಚಿತ್ರಕಲೆಯೇ ಅವನ ಆಸೆಯಾದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಎಂಬ ಸರ್ಕಾರಿ ಕಲಾ ಕಾಲೇಜು ನೋಡಿ. ಅದು ಬೇರೆ ದಾರಿ, ಕಡಿಮೆ ದಾರಿಯಲ್ಲ.

ಡಿಸೈನ್ ಅವನಿಗೆ ಹೊಂದುತ್ತದೆಯೇ ಎನ್ನುವುದು ಮುಖದ ಚಿತ್ರದಿಂದ ಗೊತ್ತಾಗುವುದಿಲ್ಲ. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ಡಿಸೈನರ್ ದಂಪತಿ ನಮ್ಮ ಸರ್ಕಾರದ ಕರೆಯ ಮೇಲೆ ದೇಶ ಸುತ್ತಿ ಒಂದು ವರದಿ ಬರೆದರು. ಎನ್‌ಐಡಿ 1961ರಲ್ಲಿ ಹುಟ್ಟಿದ್ದು ಅದರ ಬೆನ್ನಿಗೆ. ಇಲ್ಲಿ ನೋಡಿದ ವಸ್ತುಗಳಲ್ಲೆಲ್ಲ ಅವರು ಅತಿಯಾಗಿ ಮೆಚ್ಚಿದ್ದು ಯಾವುದನ್ನು ಗೊತ್ತೇ? ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ಹೊರುವವರ ಕೈ ಎಷ್ಟು ದೊಡ್ಡದು, ತಲೆಯ ಮೇಲೋ ಸೊಂಟದ ಮೇಲೋ, ಬಗ್ಗಿಸಿದಾಗ ಹೇಗೆ ಸುರಿಯುತ್ತದೆ, ಒಳಗೆ ತೊಳೆಯಲು ಆಗುತ್ತದೆಯೇ, ಬೆಲೆ ಎಷ್ಟು ಎಂದು ಪ್ರಶ್ನೆಗಳ ಸಾಲನ್ನೇ ಬರೆದಿಟ್ಟರು.

ನಿಮ್ಮ ಮಗನ ಕೈಗೆ ಮನೆಯ ತಂಬಿಗೆ ಕೊಡಿ. ಚಿತ್ರ ಬರೆಯಲು ಹೇಳಬೇಡಿ. ಅಜ್ಜಿಗೆ ಇದನ್ನು ಎತ್ತಲು ಕಷ್ಟವಾಗುತ್ತಿದೆ, ಏನು ಮಾಡೋಣ ಎಂದು ಕೇಳಿ. ಅವನು ಹೋಗಿ ಅಜ್ಜಿ ನೀರು ಬಗ್ಗಿಸುವುದನ್ನು ನೋಡುತ್ತಾ ನಿಂತರೆ ಅರ್ಜಿ ಹಾಕಿಸಿ. ಕೂತಲ್ಲೇ ಚಂದದ ಹಿಡಿ ಬರೆದು ತೋರಿಸಿದರೆ ಇನ್ನೊಂದು ವರ್ಷ ಕಾಯಬಹುದು. ಶುಲ್ಕವೂ ಸಣ್ಣದಲ್ಲ, ಮೊದಲೇ ವಿಚಾರಿಸಿ.

ಎಲ್ಲ ಗಿರಾಕಿಗಳೂ "ಅಕ್ಷರ ಇನ್ನೂ ದೊಡ್ಡದು ಮಾಡಿ" ಎನ್ನುತ್ತಾರೆ. ಇವರಿಗೆ ಡಿಸೈನ್ ಅರ್ಥ ಮಾಡಿಸುವುದು ಹೇಗೆ? (ಬೆಂಗಳೂರು)

ನನ್ನ ಸಿಟ್ಟೂ ಹೀಗೇ ಇತ್ತು. ಒಂದು ದಿನಸಿ ಅಂಗಡಿಗೆ ಸಪೂರ ಅಕ್ಷರದ ಬೋರ್ಡ್ ಮಾಡಿದ್ದೆ. ಕಂಪ್ಯೂಟರಿನಲ್ಲಿ ಮುತ್ತಿನಂತಿತ್ತು. ಅಂಗಡಿಯವರು ಜಗಳ ಆಡಲಿಲ್ಲ. ಸಂಜೆ ಏಳಕ್ಕೆ ಬನ್ನಿ ಎಂದರು. ಹೋದೆ. ರಸ್ತೆ ದಾಟಿಸಿ ಎದುರಿನ ಬಸ್ ಸ್ಟಾಪಿನಲ್ಲಿ ನಿಲ್ಲಿಸಿದರು. "ನನ್ನ ಗಿರಾಕಿ ಇಲ್ಲಿ ಇಳೀತಾರೆ. ಓದಿ ಸರ್" ಎಂದರು.

ಬೋರ್ಡಿನವರಲ್ಲಿ ಒಂದು ಹಳೆಯ ಲೆಕ್ಕವಿದೆ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ಆ ರಸ್ತೆ ಅರವತ್ತು ಅಡಿ. ಆರು ಇಂಚು ಬೇಕು, ಕನ್ನಡದ ಒತ್ತು ಇನ್ನೂ ಸಣ್ಣದು ಅಂತ ಏಳು ಇಟ್ಟುಕೊಳ್ಳಿ. ನಾನು ಹಾಕಿದ್ದು ಮೂರೂವರೆ. "ಪ್ರಾವಿಷನ್ ಸ್ಟೋರ್ಸ್" ಎನ್ನುವುದರಲ್ಲಿ ಒತ್ತು ಯಾವುದು, ದೀರ್ಘ ಯಾವುದು ಎಂದೇ ಕಾಣಲಿಲ್ಲ.

ಹೊಸ ಬೋರ್ಡಿನ ಖರ್ಚು ನಾನೇ ಹಾಕಿಕೊಂಡೆ. ಅವರು ಬೇಡ ಬೇಡ ಎನ್ನುತ್ತಲೇ ಎರಡು ಕೆಜಿ ತೊಗರಿಬೇಳೆ ಕಟ್ಟಿ ಕೊಟ್ಟರು.