ಮೊನಾಕೊ ಯಾಟ್ ಷೋ: ಟಿಕೆಟ್ ಬೇಕೇ ಬೇಕಾ?

ಪ್ರಶ್ನೆ: ಸೆಪ್ಟೆಂಬರ್ ಕೊನೆಗೆ ಮಗಳನ್ನು ನೋಡಲು ಫ್ರಾನ್ಸ್‌ನ ನೀಸ್‌ಗೆ ಹೋಗುತ್ತಿದ್ದೇವೆ. ಪಕ್ಕದ ಮೊನಾಕೊದಲ್ಲಿ ಆಗ ಯಾಟ್ ಷೋ, ಅಂದರೆ ಐಷಾರಾಮಿ ವಿಹಾರ ನೌಕೆಗಳ ಪ್ರದರ್ಶನ ಇರುತ್ತದಂತೆ. ನಮ್ಮಂಥವರು ನೋಡಬಹುದಾ? ಹತ್ತಲು ಬಿಡುತ್ತಾರಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಧಾರಾಳವಾಗಿ ಹೋಗಿ, ಆದರೆ ಟಿಕೆಟ್ ಬೆಲೆ ಕೇಳಿ ಹೌಹಾರಬೇಡಿ. ಒಬ್ಬರಿಗೆ ಒಂದು ದಿನಕ್ಕೆ ನೂರಾರು ಯೂರೋ. ಅಷ್ಟು ಕೊಟ್ಟರೂ ಕಂಡ ಕಂಡ ಯಾಟ್ ಹತ್ತಲು ಆಗಲ್ಲ. 1991ರಿಂದ ನಡೆಯುತ್ತಿರುವ ಇದು ಕೊಳ್ಳುವವರ ಸಂತೆ. ಪೋರ್ಟ್ ಹರ್ಕ್ಯುಲ್ ಬಂದರಿಗೆ ನೂರರಷ್ಟು ಭಾರಿ ಯಾಟ್‌ಗಳು ಬರುತ್ತವೆ, ದಲ್ಲಾಳಿಗಳ ಮೂಲಕ ಮೊದಲೇ ಸಮಯ ಗೊತ್ತು ಮಾಡಿಕೊಂಡವರನ್ನೇ ಸಾಮಾನ್ಯವಾಗಿ ಮೇಲೆ ಬಿಡುವುದು. ಎಷ್ಟೇ ದೊಡ್ಡ ಸಾಹುಕಾರರಾದರೂ ಬೂಟು ಬಿಚ್ಚಲೇಬೇಕು. ತೇಗದ ಡೆಕ್ಕಿಗೆ ಗೀರು ಬೀಳಬಾರದಲ್ಲ! ಹತ್ತುವ ಜಾಗದಲ್ಲೇ ಬುಟ್ಟಿ ಇಟ್ಟಿರುತ್ತಾರೆ, ಅದರ ತುಂಬಾ ದುಬಾರಿ ಬೂಟುಗಳು. ನಮಗೇನು, ಗುಡಿಗೆ ಹೋಗಿ ಅಭ್ಯಾಸ ಇದೆ ಅಲ್ವಾ.

ನಾನಾಗಿದ್ದರೆ ಟಿಕೆಟ್ ಆಸೆ ಬಿಟ್ಟು ಅರಮನೆ ಇರುವ ಗುಡ್ಡ ಹತ್ತುತ್ತಿದ್ದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅರಮನೆ ಮುಂದಿನ ಬಯಲಿನ ಅಂಚಿಗೆ ಬಂದರೆ ಇಡೀ ಬಂದರು ಕೆಳಗೆ ಕಾಣುತ್ತದೆ, ಹಿಂಭಾಗ ದಡಕ್ಕೆ ಒತ್ತಿ, ಮೂತಿ ನೀರಿನ ಕಡೆ ಚಾಚಿ ಸಾಲಾಗಿ ನಿಂತ ಯಾಟ್‌ಗಳು.

ನೀಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಫ್ರಾನ್ಸ್‌ನ ಷೆಂಗೆನ್ ವೀಸಾ ಇದ್ದರೆ ಬೇರೆ ವೀಸಾ ಬೇಡ. ಊಟ ಮಾತ್ರ ಮಗಳ ಮನೆಯಲ್ಲೇ ಮುಗಿಸಿ ಹೊರಡಿ. ಬಂದರಿನ ಹೋಟೆಲ್ ಬಿಲ್ ನೋಡಿದರೆ ತಿಂದದ್ದು ಗಂಟಲಲ್ಲೇ ನಿಲ್ಲುತ್ತದೆ.