ಟ್ರೈಕೋಡರ್ಮಾ ಹಾಕಿದರೂ ಟೊಮೆಟೊ ಸಸಿ ಸಾಯುವುದೇಕೆ?

ಪ್ರಶ್ನೆ: ಅರ್ಧ ಎಕರೆ ಟೊಮೆಟೊಗೆ 1 ಕಿಲೋ ಟ್ರೈಕೋಡರ್ಮಾ ಪುಡಿಯನ್ನು ಹಸಿ ಸಗಣಿಯಲ್ಲಿ ಬೆರೆಸಿ ಹಾಕಿದೆ. ನಾಟಿಯಾದ ನಾಲ್ಕನೇ ದಿನ ಶಿಲೀಂಧ್ರನಾಶಕ ಕಾರ್ಬೆಂಡಜಿಮ್‌ನ ದ್ರಾವಣವನ್ನೂ ಬುಡಕ್ಕೆ ಸುರಿದೆ. ಆದರೂ ಸಸಿಗಳು ಬುಡ ಕೊಳೆತು ಬೀಳುತ್ತಿವೆ. ಎಲ್ಲಿ ತಪ್ಪಾಯಿತು?
– ಓದುಗರು, ಕೋಲಾರ ಜಿಲ್ಲೆ

ಉತ್ತರ: ತಪ್ಪು ಎರಡು ಕಡೆ ಆಗಿದೆ. ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರವೇ. ಕಾರ್ಬೆಂಡಜಿಮ್ ರೋಗದ ಶಿಲೀಂಧ್ರದ ಜೊತೆ ಅದನ್ನೂ ಕೊಲ್ಲುತ್ತದೆ. ಇವೆರಡರ ನಡುವೆ ಕನಿಷ್ಠ 15 ದಿನ ಅಂತರವಿರಲಿ. ಇನ್ನು ಹಸಿ ಸಗಣಿ ಕೊಳೆಯುವಾಗ ಬಿಸಿಯಾಗುತ್ತದೆ, ಆ ಕಾವಿಗೂ ಟ್ರೈಕೋಡರ್ಮಾ ಉಳಿಯುವುದಿಲ್ಲ.

ಮುಂದಿನ ಬೆಳೆಗೆ ಹೀಗೆ ಮಾಡಿ. ಚೆನ್ನಾಗಿ ಕಳಿತ 100 ಕಿಲೋ ಕೊಟ್ಟಿಗೆ ಗೊಬ್ಬರಕ್ಕೆ 1 ಕಿಲೋ ಪುಡಿ ಬೆರೆಸಿ, ನೆರಳಿನಲ್ಲಿ ರಾಶಿ ಹಾಕಿ, ಒದ್ದೆ ಗೋಣಿಚೀಲ ಹೊದಿಸಿ. ತೇವ ಎಷ್ಟಿರಬೇಕೆಂದರೆ, ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನಾಲ್ಕೈದು ದಿನಕ್ಕೊಮ್ಮೆ ತಿರುವಿ ಹಾಕಿ. ಸುಮಾರು 15 ದಿನದಲ್ಲಿ ಹಸಿರು ಬೂಸು ಕಾಣುತ್ತದೆ. ಅದನ್ನು ಸಂಜೆ ಹೊತ್ತು ನಾಟಿ ಗುಣಿಗೆ ಹಾಕಿ, ಮಣ್ಣು ಮುಚ್ಚಿ, ನೀರು ಕೊಡಿ. ಯೂರಿಯಾ, ಡಿಎಪಿ ಜೊತೆ ಬೆರೆಸಲೇಬೇಡಿ. ಪುಡಿ ಕೊಳ್ಳುವಾಗ ಪೊಟ್ಟಣದ ಮೇಲಿನ ಅವಧಿ ನೋಡಿ. ಅವಧಿ ಮುಗಿದದ್ದು ಬರೀ ಸೀಮೆಸುಣ್ಣದ ಪುಡಿಯಂತೆ.

ಸಾರಜನಕ, ರಂಜಕ, ಸತುವು ಒದಗಿಸುವ ಬ್ಯಾಕ್ಟೀರಿಯಾ ಬೇಕಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಮೈಕ್ರೋಬಿಯಲ್ ಕನ್ಸಾರ್ಷಿಯಂ ಇದೆ. ನಾಟಿಯಾದ 10 ದಿನಕ್ಕೆ ಲೀಟರ್ ನೀರಿಗೆ 20 ಗ್ರಾಂ ಕಲಸಿ ಬುಡಕ್ಕೆ ಸುರಿಯಿರಿ.

ಈಗ ಕೊಳೆತಿರುವ ಸಸಿಗಳು ಮಾತ್ರ ಇದ್ಯಾವುದರಿಂದಲೂ ಬದುಕುವುದಿಲ್ಲ. ಬೇರು ಸಮೇತ ಕಿತ್ತು ಹೊಲದಾಚೆ ಸುಡಿ.